ತಾಳಮದ್ದಳೆ ಕೂಟಕ್ಕೆ ಮೈಕು: ಕಡಿಮೆ ಖರ್ಚಿನಲ್ಲಿ ಮಾತು ಸ್ಪಷ್ಟವಾಗಬೇಕಾದರೆ

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ಕರಾವಳಿಯಲ್ಲಿ ತಾಳಮದ್ದಳೆಯ ಕಾಲ ಆರಂಭವಾಗುತ್ತದೆ. ದೇವಸ್ಥಾನದ ಸಭಾಭವನ, ಶಾಲೆಯ ಸಭಾಂಗಣ, ಭಜನಾ ಮಂದಿರ, ಕೆಲವೊಮ್ಮೆ ಮನೆಯ ಚಾವಡಿ, ಹೀಗೆ ಮಳೆಗಾಲದುದ್ದಕ್ಕೂ ಕೂಟಗಳು ನಡೆಯುತ್ತವೆ. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬಣ್ಣವಿಲ್ಲ. ಭಾಗವತರ ಹಾಡು, ಚೆಂಡೆ ಮದ್ದಳೆಗಳ ನುಡಿತ, ಅರ್ಥಧಾರಿಗಳ ಮಾತು, ಇಷ್ಟೇ ಬಂಡವಾಳ. ಶೇಣಿ ಗೋಪಾಲಕೃಷ್ಣ ಭಟ್ಟ, ದೇರಾಜೆ ಸೀತಾರಾಮಯ್ಯ ಮೊದಲಾದವರು ಬೆಳೆಸಿದ ಈ ಕಲೆಯಲ್ಲಿ ಮಾತು ಕೇಳಿಸದಿದ್ದರೆ ಕೂಟವೇ ನಡೆದಂತಾಗುವುದಿಲ್ಲ.

ವಾಲಿ ಮೋಕ್ಷದ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಪ್ರಶ್ನಿಸುತ್ತಾನೆ. ಪಳಗಿದ ಅರ್ಥಧಾರಿ ಇಂತಹ ಕಡೆ ಅಬ್ಬರಿಸುವುದಿಲ್ಲ, ಧ್ವನಿಯನ್ನು ತಗ್ಗಿಸುತ್ತಾನೆ. ಹೊರಗೆ ಮಳೆ, ಮೇಲೆ ಶೀಟಿನ ಮಾಡು. ಆ ತಗ್ಗಿದ ದನಿ ಐದನೆಯ ಸಾಲಿನ ಹಿರಿಯರನ್ನು ಮುಟ್ಟದಿದ್ದರೆ ಪ್ರಸಂಗದ ತಿರುಳೇ ಕಳೆದುಹೋಗುತ್ತದೆ. ಮೈಕನ್ನು ಏರಿಸಿದರೆ ಅದು ಸೀಟಿ ಹೊಡೆದಂತೆ ಕೂಗುತ್ತದೆ; ಇಳಿಸಿದರೆ ಮಾತು ಮಳೆಯಲ್ಲಿ ಮುಳುಗುತ್ತದೆ.

ಇಂತಹ ತೊಂದರೆ ಎದುರಾದಾಗ ಹೆಚ್ಚಿನ ಸಂಘಗಳು ಮೂರು ದಾರಿ ಹಿಡಿಯುತ್ತವೆ: ದೊಡ್ಡ ಆಂಪ್ಲಿಫೈಯರ್ ತರುವುದು, ಮೈಕುಗಳ ಸಂಖ್ಯೆ ಹೆಚ್ಚಿಸುವುದು, ಅಥವಾ ‘ದೂರದ ಶಬ್ದವನ್ನೂ ಹಿಡಿಯುತ್ತದೆ’ ಎಂಬ ಅಂಗಡಿಯವರ ಮಾತು ನಂಬಿ ದುಬಾರಿ ಮೈಕು ಕೊಳ್ಳುವುದು. ಮೂರರಿಂದಲೂ ಹಣ ಖರ್ಚಾಗುತ್ತದೆಯೇ ಹೊರತು ಸಮಸ್ಯೆ ನೀಗುವುದಿಲ್ಲ. ಪರಿಹಾರವಿರುವುದು ಸಾಧಾರಣ ಬೆಲೆಯ, ಸರಿಯಾದ ಜಾತಿಯ ಮೈಕನ್ನು ಬಾಯಿಯ ಸಮೀಪಕ್ಕೆ ತರುವುದರಲ್ಲಿ.

ಮೈಕು ಕೂಗುವುದೇಕೆ?

ಮೈಕು ಹಿಡಿದ ಶಬ್ದ ಆಂಪ್ಲಿಫೈಯರಿನಲ್ಲಿ ದೊಡ್ಡದಾಗಿ ಸ್ಪೀಕರಿನಿಂದ ಹೊರಬರುತ್ತದೆ. ಅದರಲ್ಲಿ ಒಂದಂಶ ಗೋಡೆ, ಮಾಡುಗಳಿಗೆ ಬಡಿದು ಅಥವಾ ನೇರವಾಗಿಯೇ ಮತ್ತೆ ಮೈಕಿಗೆ ಸೇರುತ್ತದೆ. ಹೀಗೆ ಮರಳಿ ಬಂದ ಶಬ್ದ ಮೊದಲಿನಷ್ಟೇ ಬಲವಾಗಿದ್ದರೆ ಅದು ಮತ್ತೆ ದೊಡ್ಡದಾಗುತ್ತದೆ, ಮತ್ತೆ ಮರಳುತ್ತದೆ. ಈ ಸುತ್ತು ನಿಲ್ಲದೆ ಯಾವುದಾದರೊಂದು ಸ್ವರದಲ್ಲಿ ಊಳಿಡತೊಡಗುತ್ತದೆ. ಇದನ್ನೇ ಫೀಡ್‌ಬ್ಯಾಕ್ ಎನ್ನುತ್ತಾರೆ.

ಮೈಕಿಗೆ ವಿವೇಚನೆಯಿಲ್ಲ. ಅರ್ಥಧಾರಿಯ ಮಾತು, ಪಕ್ಕದ ಚೆಂಡೆ, ಮಾಡಿನ ಮೇಲಿನ ಮಳೆ, ಸ್ಪೀಕರಿನಿಂದ ಮರಳಿದ ಸದ್ದು, ಎಲ್ಲವೂ ಅದಕ್ಕೆ ಒಂದೇ. ಯಾವುದು ಹೆಚ್ಚು ಬಲವಾಗಿ ಬಂದು ತಗುಲುತ್ತದೆಯೋ ಅದನ್ನು ಹೆಚ್ಚಾಗಿ ಕೊಡುತ್ತದೆ. ಆದ್ದರಿಂದ ಮಾತು ಮಿಕ್ಕ ಶಬ್ದಗಳಿಗಿಂತ ಬಹಳ ಬಲವಾಗಿ ಮೈಕನ್ನು ತಲುಪುವಂತೆ ಮಾಡುವುದೇ ಇಲ್ಲಿನ ಕೆಲಸ.

ಗೇಣಿನ ಲೆಕ್ಕ

ಬಾಯಿಗೂ ಮೈಕಿಗೂ ಇರುವ ಅಂತರ ಅರ್ಧವಾದಾಗಲೆಲ್ಲ ಮೈಕನ್ನು ತಲುಪುವ ಮಾತಿನ ಮಟ್ಟ ಸುಮಾರು 6 ಡೆಸಿಬಲ್ ಏರುತ್ತದೆ. ಅನೇಕ ಕೂಟಗಳಲ್ಲಿ ಇಬ್ಬರು ಅರ್ಥಧಾರಿಗಳ ನಡುವೆ ಒಂದು ಮೈಕು ನಿಲ್ಲಿಸುವ ರೂಢಿಯಿದೆ. ಆಗ ಅದು ಒಬ್ಬೊಬ್ಬರ ಬಾಯಿಂದ 60 ಸೆಂಟಿಮೀಟರಿನಷ್ಟಾದರೂ ದೂರವಿರುತ್ತದೆ. ಅದನ್ನು 15 ಸೆಂಟಿಮೀಟರಿಗೆ, ಅಂದರೆ ಒಂದು ಗೇಣಿಗಿಂತ ತುಸು ಕಡಿಮೆ ಅಂತರಕ್ಕೆ ತಂದರೆ 12 ಡೆಸಿಬಲ್ ಲಾಭ.

ಈ 12 ಡೆಸಿಬಲ್ ಸಣ್ಣದೇನಲ್ಲ. ಇಷ್ಟೇ ಹೆಚ್ಚಳವನ್ನು ಆಂಪ್ಲಿಫೈಯರಿನಿಂದ ಪಡೆಯಬೇಕಾದರೆ ಶಕ್ತಿ 16 ಪಟ್ಟು ಬೇಕು: 100 ವ್ಯಾಟ್ ಇದ್ದಲ್ಲಿ 1600 ವ್ಯಾಟ್. ಅಷ್ಟು ವ್ಯಾಟ್ ತಂದರೂ ಫಲವಿಲ್ಲ. ಆಂಪ್ಲಿಫೈಯರ್ ಮಾತನ್ನು ಏರಿಸುವಾಗ ಮಳೆಯನ್ನೂ ಚೆಂಡೆಯನ್ನೂ ಅಷ್ಟೇ ಏರಿಸುತ್ತದೆ. ಮೈಕು ಸಮೀಪಕ್ಕೆ ಬಂದಾಗಲಾದರೋ ಏರುವುದು ಮಾತು ಮಾತ್ರ. ಓರೆ ತೋಳಿನ ಒಂದು ಸ್ಟ್ಯಾಂಡು ಮಾಡುವ ಕೆಲಸವನ್ನು ದೊಡ್ಡ ಆಂಪ್ಲಿಫೈಯರ್ ಮಾಡಲಾರದು.

ಸಮೀಪಕ್ಕೂ ಒಂದು ಮಿತಿಯಿದೆ. ಏಕಮುಖಿ ಮೈಕು ತುಟಿಗೆ ತಾಗುವಷ್ಟು ಹತ್ತಿರವಾದರೆ ಮಂದ್ರದ ಗುಂಯ್‌ಗುಡುವಿಕೆ ಹೆಚ್ಚಿ ವ್ಯಂಜನಗಳು ಮಸುಕಾಗುತ್ತವೆ. ಮಾತಿನ ಬಲವೆಲ್ಲ ಸ್ವರಗಳಲ್ಲಿದ್ದರೂ ಅರ್ಥ ತಿಳಿಯುವುದು ವ್ಯಂಜನಗಳಿಂದ. ‘ಶರ’ವೋ ‘ಸರ’ವೋ ಎಂಬುದನ್ನು ನಿರ್ಣಯಿಸುವುದು 2000 ಹರ್ಟ್ಸ್‌ಗಿಂತ ಮೇಲಿನ ಸೂಕ್ಷ್ಮ ಶಬ್ದಗಳು. ಅಲ್ಪಪ್ರಾಣ, ಮಹಾಪ್ರಾಣಗಳ ಭೇದವನ್ನು ಎಚ್ಚರದಿಂದ ಉಚ್ಚರಿಸುವ ಕಲೆಯಿದು. ಮೈಕು ಆ ಎಚ್ಚರವನ್ನು ಹಾಳುಮಾಡಬಾರದು. ಮಿಕ್ಸರಿನಲ್ಲಿ 80 ಅಥವಾ 100 ಹರ್ಟ್ಸ್‌ಗಿಂತ ಕೆಳಗಿನ ಶಬ್ದವನ್ನು ಕತ್ತರಿಸುವ ಗುಂಡಿಯಿದ್ದರೆ ಅರ್ಥಧಾರಿಗಳ ಮೈಕುಗಳಿಗೆ ಅದನ್ನು ಒತ್ತಿಡಬೇಕು.

ಡೈನಾಮಿಕ್ ಮತ್ತು ಕಂಡೆನ್ಸರ್

ಅಂಗಡಿಗಳಲ್ಲಿ ಸಿಗುವ ಮೈಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಡೈನಾಮಿಕ್ ಮೈಕಿನಲ್ಲಿ ತೆಳು ಪೊರೆಗೆ ಅಂಟಿಕೊಂಡ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಅಲುಗಿ ತಾನೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅದಕ್ಕೆ ಹೊರಗಿನ ವಿದ್ಯುತ್ತು ಬೇಡ. ಕೈಜಾರಿ ಬಿದ್ದರೂ, ತೇವದ ಹವೆಯಲ್ಲಿಟ್ಟರೂ ಬೇಗ ಕೆಡುವುದಿಲ್ಲ. ಕಂಡೆನ್ಸರ್ ಮೈಕು ಹೆಚ್ಚು ಸೂಕ್ಷ್ಮ. ಸಾಮಾನ್ಯವಾಗಿ ಮಿಕ್ಸರಿನಿಂದ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಡುತ್ತದೆ. ತೇವ ಅದರ ಶತ್ರು.

ಕಂಡೆನ್ಸರ್ ದೂರದ ಮಾತನ್ನು ‘ಎಳೆದುಕೊಳ್ಳುತ್ತದೆ’ ಎಂಬುದು ತಪ್ಪು ಕಲ್ಪನೆ. ಅದರಿಂದ ಬರುವ ವಿದ್ಯುತ್ ಸಂಕೇತ ಹೆಚ್ಚು ಬಲವಾಗಿರುತ್ತದೆ, ನಿಜ. ಆದರೆ ದೂರದ ಮಾತು ಹೆಚ್ಚಾದಷ್ಟೇ ಮಳೆ, ಚೆಂಡೆ, ಸ್ಪೀಕರಿನ ಸದ್ದುಗಳೂ ಹೆಚ್ಚುತ್ತವೆ. ಸ್ಟುಡಿಯೋದ ನಿಶ್ಶಬ್ದದಲ್ಲಿ ಅದರ ಸೂಕ್ಷ್ಮತೆ ಗುಣ. ಹಿಮ್ಮೇಳದ ಪಕ್ಕದಲ್ಲಿ ಅದೇ ದೋಷ. ಕರಾವಳಿಯ ಮಳೆಗಾಲದಲ್ಲಿ, ಪರಿಣತ ನಿರ್ವಾಹಕರಿಲ್ಲದ ಸಂಘಕ್ಕೆ, ಡೈನಾಮಿಕ್ ಮೈಕೇ ಒಳ್ಳೆಯದು. ಬೆಲೆಯೂ ಕೈಗೆಟಕುವಂಥದ್ದು.

ಮೈಕಿಗೂ ಬೆನ್ನುಂಟು

ಎಲ್ಲ ದಿಕ್ಕಿನ ಶಬ್ದವನ್ನೂ ಸಮನಾಗಿ ಹಿಡಿಯುವ ಮೈಕು ಕೂಟಕ್ಕೆ ಸಲ್ಲದು. ಬೇಕಾದುದು ಕಾರ್ಡಿಯಾಯ್ಡ್ ಎಂದು ಕರೆಯಲಾಗುವ, ಹೃದಯದಾಕಾರದ ಗ್ರಹಣಕ್ಷೇತ್ರವುಳ್ಳ ಏಕಮುಖಿ ಮೈಕು. ಅದು ಎದುರಿನ ಶಬ್ದವನ್ನು ಪೂರ್ತಿಯಾಗಿಯೂ ಬದಿಯದನ್ನು ಸುಮಾರು 6 ಡೆಸಿಬಲ್ ಕಡಿಮೆಯಾಗಿಯೂ ಹಿಡಿಯುತ್ತದೆ. ಬೆನ್ನ ಹಿಂದಿನದಕ್ಕೆ ಬಹುಮಟ್ಟಿಗೆ ಕಿವುಡಾಗಿರುತ್ತದೆ. ಆದ್ದರಿಂದ ಅದರ ಬೆನ್ನು ಸ್ಪೀಕರಿನತ್ತಲೋ ಚೆಂಡೆಯತ್ತಲೋ ಇರುವಂತೆ ಜೋಡಿಸುವುದು ಜಾಣತನ.

ಸೂಪರ್ ಕಾರ್ಡಿಯಾಯ್ಡ್ ಎಂಬ ಇನ್ನೊಂದು ಬಗೆಯಿದೆ. ಅದರ ಎದುರಿನ ಕ್ಷೇತ್ರ ಇನ್ನೂ ಕಿರಿದು. ಆದರೆ ಅದು ಕಿವುಡಾಗಿರುವುದು ನೇರ ಬೆನ್ನಿಗಲ್ಲ, ಎದುರಿನಿಂದ ಸುಮಾರು 126 ಡಿಗ್ರಿ ಓರೆಯಲ್ಲಿ. ಬೆನ್ನಿಗೆ ನೇರವಾಗಿ ಸ್ಪೀಕರ್ ಇಟ್ಟರೆ ಅದು ಕೂಗಬಹುದು. ಅಲ್ಲದೆ ಅರ್ಥಧಾರಿ ಎದುರಾಳಿಯತ್ತ ತಿರುಗುತ್ತಾನೆ, ಸಭೆಯತ್ತ ನೋಡುತ್ತಾನೆ. ಅಷ್ಟು ಕಿರಿದಾದ ಕ್ಷೇತ್ರದಿಂದ ಮಾತು ಜಾರಿಹೋಗುವ ಸಂಭವ ಹೆಚ್ಚು. ಹೀಗಾಗಿ ಸಾಮಾನ್ಯ ಕಾರ್ಡಿಯಾಯ್ಡ್ ಕೂಟಕ್ಕೆ ಹೊಂದುತ್ತದೆ.

ಮೈಕಿನ ತಲೆಯ ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿಯುವ ಅಭ್ಯಾಸ ಕೆಲವರಲ್ಲಿದೆ. ಹಾಗೆ ಹಿಡಿದರೆ ಹಿಂದಿನಿಂದ ಗಾಳಿಯಾಡುವ ಕಿಂಡಿಗಳು ಮುಚ್ಚಿ ಮೈಕು ತನ್ನ ಏಕಮುಖಿ ಗುಣವನ್ನೇ ಕಳೆದುಕೊಳ್ಳುತ್ತದೆ, ಕೂಡಲೇ ಕೂಗತೊಡಗುತ್ತದೆ. ಕುಳಿತು ಅರ್ಥ ಹೇಳುವಲ್ಲಿ ಕೈಯಲ್ಲಿ ಮೈಕು ಹಿಡಿಯದೆ ಸ್ಟ್ಯಾಂಡಿಗೆ ಬಿಡುವುದೇ ಸರಿ. ಕೈಗಳು ಅಭಿನಯಕ್ಕೆ ಉಳಿಯುತ್ತವೆ.

ಎಷ್ಟು ಮೈಕು ಬೇಕು?

ತೆರೆದಿರುವ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ, ಕೂಗುವ ಮುನ್ನ ಏರಿಸಬಹುದಾದ ಧ್ವನಿಯ ಮಟ್ಟ ಸುಮಾರು 3 ಡೆಸಿಬಲ್ ಕುಸಿಯುತ್ತದೆ. ಎಂಟು ಮೈಕುಗಳು ತೆರೆದಿದ್ದಲ್ಲಿ ಎರಡನ್ನೇ ಉಳಿಸಿದರೆ 6 ಡೆಸಿಬಲ್ ಮರಳಿ ಸಿಗುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಮಿಕ್ಸರಿನ ಬಳಿ ಪ್ರಸಂಗ ಬಲ್ಲ ಒಬ್ಬರು ಕುಳಿತರೆ ಸಾಕು.

ಪ್ರಸಂಗ ಬಲ್ಲವರೇ ಏಕೆಂದರೆ, ತಾಳಮದ್ದಳೆಯಲ್ಲಿ ಸಂವಾದ ಸಾಮಾನ್ಯವಾಗಿ ಇಬ್ಬರ ನಡುವೆ ನಡೆಯುತ್ತದೆ. ಪದ್ಯ ಮುಗಿದು ಅರ್ಥ ಆರಂಭವಾದೊಡನೆ ಆ ಇಬ್ಬರ ಮೈಕು ಮೇಲಿರಬೇಕು, ಹಿಮ್ಮೇಳದವು ತಗ್ಗಬೇಕು. ಮತ್ತೆ ಭಾಗವತರು ಎತ್ತುಗಡೆ ಮಾಡುವ ಹೊತ್ತಿಗೆ ಅವರ ಮೈಕು ಸಿದ್ಧವಿರಬೇಕು. ಯಾರ ಮಾತು ಯಾವಾಗ ಎಂಬುದು ತಿಳಿಯದವರಿಗೆ ಇದು ಸಾಧ್ಯವಿಲ್ಲ.

ಇನ್ನೂರು ಜನ ಹಿಡಿಸುವ ಸಭಾಭವನಕ್ಕೆ ಆರು ಮೈಕು ಧಾರಾಳ: ಭಾಗವತರಿಗೆ ಒಂದು, ಮದ್ದಳೆಗೆ ಒಂದು, ಅರ್ಥಧಾರಿಗಳಿಗೆ ನಾಲ್ಕು. ಅಷ್ಟು ಹಣವಿಲ್ಲದ ಸಂಘ ಅರ್ಥಕ್ಕೆ ಎರಡೇ ಮೈಕು ಕೊಂಡು, ಸಂವಾದಿಸುವ ಇಬ್ಬರ ಬಳಿಗೆ ಸ್ಟ್ಯಾಂಡಿನ ತೋಳನ್ನು ತಿರುಗಿಸಿಕೊಳ್ಳಬಹುದು. ಚೆಂಡೆಗೆ ಇಷ್ಟು ಜಾಗದಲ್ಲಿ ಮೈಕೇ ಬೇಡ. ಅದು ಉಳಿದೆಲ್ಲ ಮೈಕುಗಳಲ್ಲಿಯೂ ಕೇಳಿಸುತ್ತಿರುತ್ತದೆ. ಮದ್ದಳೆಯ ಮೈಕನ್ನು ಶ್ರುತಿ ನುಡಿಯುವ ಬಲಭಾಗದತ್ತ ಒಂದು ಗೇಣು ದೂರದಲ್ಲಿಟ್ಟರೆ ನಾದ ಚೆನ್ನಾಗಿ ಬರುತ್ತದೆ.

ಅರ್ಥಧಾರಿಯ ಮೈಕನ್ನು ಸಭೆಗೆ ನೇರವಾಗಿ ನಿಲ್ಲಿಸಬಾರದು. ಆತ ಹೆಚ್ಚು ಹೊತ್ತು ನೋಡುವುದು ಎದುರಾಳಿಯನ್ನು. ಮೈಕನ್ನು ಗಲ್ಲಕ್ಕಿಂತ ತುಸು ಕೆಳಗೆ, ಎದುರಾಳಿಯ ಕಡೆಗೆ ಸ್ವಲ್ಪ ಸರಿಸಿ ಇಟ್ಟರೆ ಎರಡೂ ಕಡೆ ತಿರುಗಿದಾಗ ಮಾತು ಸಿಗುತ್ತದೆ, ಮುಖವೂ ಮರೆಯಾಗುವುದಿಲ್ಲ. ಸ್ಪೀಕರುಗಳು ಎಲ್ಲ ಮೈಕುಗಳಿಗಿಂತ ಮುಂದೆ, ಸಭೆಯ ಕಡೆಗೆ ಇರಬೇಕು.

ಯಾವುದನ್ನು ಕೊಳ್ಳಬೇಕು?

ಜಗತ್ತಿನಾದ್ಯಂತ ವೇದಿಕೆಯ ಅಳತೆಗೋಲಾಗಿರುವುದು ಅಮೆರಿಕದ ಶೂರ್ ಕಂಪನಿಯ ಎಸ್‌ಎಂ58. 1966ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರ್ಡಿಯಾಯ್ಡ್ ಡೈನಾಮಿಕ್ ಮೈಕು 50ರಿಂದ 15,000 ಹರ್ಟ್ಸ್‌ವರೆಗಿನ ಶಬ್ದವನ್ನು ಹಿಡಿಯುತ್ತದೆ. ಜರ್ಮನಿಯ ಸೆನ್‌ಹೈಸರ್ ಕಂಪನಿಯ ಇ835 ಅದೇ ವರ್ಗದ್ದು. ಇವುಗಳಲ್ಲಿ ಒಂದನ್ನು ಕೊಳ್ಳುವ ಹಣದಲ್ಲಿ ಬೆರಿಂಗರ್ ಎಕ್ಸ್‌ಎಂ8500 ಮಾದರಿಯ ಮೂರು ನಾಲ್ಕು ಮೈಕುಗಳನ್ನು ಕೊಳ್ಳಬಹುದು. ನಮ್ಮ ದೇಶದ ಅಹುಜಾ ಕಂಪನಿಯ ಏಕಮುಖಿ ಡೈನಾಮಿಕ್ ಮೈಕುಗಳೂ ಕಡಿಮೆ ಬೆಲೆಯವು. ಊರೂರಿನ ಅಂಗಡಿಗಳಲ್ಲಿ ಸಿಗುತ್ತವೆ, ದುರಸ್ತಿಯೂ ಸುಲಭ.

ಬೆಲೆಗೆ ತಕ್ಕ ಅಂತರವಿಲ್ಲವೆಂದಲ್ಲ. ದುಬಾರಿ ಮೈಕಿನಲ್ಲಿ ಒಳಗಿನ ಅಂಗವನ್ನು ಅಲುಗಾಟದಿಂದ ಕಾಪಾಡುವ ವ್ಯವಸ್ಥೆ ಉತ್ತಮವಾಗಿರುತ್ತದೆ, ಬಾಳಿಕೆ ಹೆಚ್ಚು, ಹಿಂದಿನ ಶಬ್ದವನ್ನು ದೂರವಿಡುವ ಗುಣ ಎಲ್ಲ ಸ್ವರಗಳಲ್ಲೂ ಒಂದೇ ಸಮನಾಗಿರುತ್ತದೆ. ಆದರೆ ಗೇಣು ಅಂತರದಲ್ಲಿಟ್ಟ ಸಾಧಾರಣ ಮೈಕು ಮಾರುದ್ದ ದೂರದಲ್ಲಿಟ್ಟ ದುಬಾರಿ ಮೈಕನ್ನು ಮೀರಿಸುತ್ತದೆ. ಆದ್ದರಿಂದ ಹಣ ಸೀಮಿತವಾಗಿದ್ದರೆ ಒಂದನ್ನು ಉತ್ತಮ ದರ್ಜೆಯದನ್ನಾಗಿ ಭಾಗವತರಿಗೆ ಕೊಂಡು, ಅರ್ಥಧಾರಿಗಳಿಗೆ ಸಾಧಾರಣ ಬೆಲೆಯ ಒಂದೇ ಮಾದರಿಯ ಮೈಕುಗಳನ್ನು ಕೊಳ್ಳುವುದು ಒಳ್ಳೆಯದು. ಒಂದೇ ಮಾದರಿಯಾದರೆ ಎಲ್ಲರ ಧ್ವನಿಗೂ ಒಂದೇ ಹದ ಸಾಕು. ರಾಮನ ಮಾತು ತೆಳುವಾಗಿ, ವಾಲಿಯ ಮಾತು ದಪ್ಪವಾಗಿ ಕೇಳಿಸುವ ಗೊಂದಲವಿರುವುದಿಲ್ಲ.

ಎಸ್‌ಎಂ58ರ ನಕಲಿಗಳು ಮಾರುಕಟ್ಟೆಯಲ್ಲಿ ಹೇರಳ. ಡಬ್ಬಿ, ಚೀಲ, ಮುದ್ರೆ ಎಲ್ಲವೂ ಅಸಲಿಯಂತೆಯೇ ಇರುತ್ತವೆ. ಅಸಲಿಯ ತೂಕ 298 ಗ್ರಾಂ. ನಕಲಿ ಹೆಚ್ಚಾಗಿ ಹಗುರ. ಅರ್ಧ ಬೆಲೆಗೆ ಕೊಡುತ್ತೇವೆ ಎಂದರೆ ಅನುಮಾನಿಸಬೇಕು. ಅಧಿಕೃತ ಮಾರಾಟಗಾರರಿಂದ ಬಿಲ್ಲು, ವಾರಂಟಿ ಸಹಿತ ಕೊಳ್ಳುವುದೇ ಕ್ಷೇಮ. ಹೆಸರಿನ ನಕಲಿಗಿಂತ ಸ್ವಂತ ಹೆಸರಿನ ಅಗ್ಗದ ಮೈಕು ಎಷ್ಟೋ ಮೇಲು.

ತಂತಿಯ ವಿಚಾರ

ಮೈಕಿಗೆ ಕೊಟ್ಟ ಹಣ ಕೆಟ್ಟ ಕೇಬಲ್ಲಿನಿಂದ ವ್ಯರ್ಥವಾಗಬಹುದು. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲಿನಲ್ಲಿ ಮಾತಿನ ಸಂಕೇತ ಎರಡು ತಂತಿಗಳಲ್ಲಿ ಸಾಗುತ್ತದೆ. ದಾರಿಯಲ್ಲಿ ಸೇರಿದ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆ ಎರಡರಲ್ಲೂ ಸಮನಾಗಿ ಬರುವುದರಿಂದ ಮಿಕ್ಸರ್ ಅದನ್ನು ಕಳೆದುಹಾಕುತ್ತದೆ. ಒಂದೇ ತಂತಿಯ ಮೊನೋ ಜಾಕ್ ಕೇಬಲ್ಲಿಗೆ ಈ ಅನುಕೂಲವಿಲ್ಲ. ಐದಾರು ಮೀಟರ್ ದಾಟಿತೆಂದರೆ ಗದ್ದಲ ಸೇರತೊಡಗುತ್ತದೆ. ಅಗ್ಗದ ಮೈಕುಗಳೊಡನೆ ಹೆಚ್ಚಾಗಿ ಬರುವುದು ಒಂದು ತುದಿಗೆ ಜಾಕ್ ಇರುವ ಕೇಬಲ್. ಮಿಕ್ಸರಿನಲ್ಲಿ ಎಕ್ಸ್‌ಎಲ್‌ಆರ್ ಕಿಂಡಿಯಿದ್ದರೆ ಎರಡೂ ತುದಿಗೆ ಎಕ್ಸ್‌ಎಲ್‌ಆರ್ ಇರುವ ಕೇಬಲ್ ಕೊಳ್ಳಬೇಕು.

ನಿಸ್ತಂತು ಮೈಕು ಕುಳಿತು ಮಾತನಾಡುವ ಕಲೆಗೆ ಅನಗತ್ಯ. ಅದೇ ಬೆಲೆಗೆ ತಂತಿಯ ಮೈಕು ಯಾವಾಗಲೂ ಹೆಚ್ಚಿನ ಗುಣಮಟ್ಟ ಕೊಡುತ್ತದೆ, ನಡುರಾತ್ರಿ ಬ್ಯಾಟರಿ ಮುಗಿಯುವ ಭಯವಿಲ್ಲ. ಹಳೆಯ ನಿಸ್ತಂತು ಸೆಟ್ಟುಗಳನ್ನು ಅಗ್ಗಕ್ಕೆ ಕೊಳ್ಳುವವರು ಇನ್ನೊಂದನ್ನು ನೆನಪಿಡಬೇಕು: 2022ರ ತರಂಗಾಂತರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ವಲಯ ಮೊಬೈಲ್ ಸೇವೆಯ ಪಾಲಾಗಿದೆ. ಆ ವಲಯದ ಮೈಕು ಕೊಳ್ಳುವುದು ಹಣ ಕಳೆದುಕೊಂಡಂತೆ.

ಜೀವಕ್ಕೆ ಎಚ್ಚರ

ಮೈಕಿನ ಲೋಹದ ಮೈ ಕೇಬಲ್ಲಿನ ಹೊದಿಕೆಯ ಮೂಲಕ ಆಂಪ್ಲಿಫೈಯರಿನ ಪೆಟ್ಟಿಗೆಗೆ ಸೇರಿರುತ್ತದೆ. ಅರ್ಥಿಂಗ್ ಇಲ್ಲದ ಕಡೆ ಆಂಪ್ಲಿಫೈಯರಿನಲ್ಲಿ ದೋಷವುಂಟಾದರೆ ಆ ವಿದ್ಯುತ್ತು ಮೈಕಿನವರೆಗೂ ಬರಬಹುದು. ಒದ್ದೆ ನೆಲ, ಬರಿಗಾಲು, ತುಟಿಯ ಬಳಿ ಲೋಹ. ಅಪಾಯವನ್ನು ವಿವರಿಸಬೇಕಾಗಿಲ್ಲ. ಗುಂಯ್‌ಗುಟ್ಟುವಿಕೆ ನಿಲ್ಲಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತುಹಾಕುವುದನ್ನು ಎಂದಿಗೂ ಮಾಡಬಾರದು. ವಿದ್ಯುತ್ ಸಂಪರ್ಕದಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಅಳವಡಿಸಿದರೆ ಸೋರಿಕೆಯಾದ ಕ್ಷಣದಲ್ಲೇ ಸಂಪರ್ಕ ಕಡಿಯುತ್ತದೆ. ಒಂದು ಮೈಕು ಕಡಿಮೆ ಕೊಂಡಾದರೂ ಇದನ್ನು ಹಾಕಿಸಬೇಕು.

ಕಾನೂನಿನ ಮಿತಿ

ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ ಸಭಾಂಗಣದಂತಹ ಸ್ಥಳಗಳ ಹೊರತು ಅದನ್ನು ಬಳಸುವಂತಿಲ್ಲ. ರಾಜ್ಯ ಸರಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ನೀಡಬಹುದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಮೈಕನ್ನು ಸಮೀಪವಿಟ್ಟವರಿಗೆ ಈ ನಿಯಮ ಅಷ್ಟೇನೂ ಭಾರವಲ್ಲ. ಮಾತು ಶುದ್ಧವಾಗಿದ್ದರೆ ಸಣ್ಣ ದನಿಯಲ್ಲೇ ಸಭೆಗೆ ತಿಳಿಯುತ್ತದೆ. ಅಸ್ಪಷ್ಟವಾಗಿದ್ದಾಗಲೇ ಜನ ‘ಮೈಕು ಏರಿಸಿ’ ಎನ್ನುವುದು.

ಖರೀದಿಗೆ ಮುನ್ನ

ಅಂಗಡಿಯಲ್ಲಿ ‘ಹಲೋ, ಚೆಕ್, ಒನ್ ಟೂ’ ಎಂದರೆ ಏನೂ ತಿಳಿಯದು. ಸಂಘದ ಒಬ್ಬ ಅರ್ಥಧಾರಿಯನ್ನೇ ಕರೆದೊಯ್ಯಬೇಕು. ಪರಿಚಿತ ಕಂಠವಾದರೆ ಅದು ಎಲ್ಲಿ ಬದಲಾಯಿತೆಂದು ಕೇಳುವವರಿಗೆ ಕೂಡಲೇ ಗೊತ್ತಾಗುತ್ತದೆ. ಆತ ಒಂದು ಗೇಣು ದೂರದಿಂದ ಮೊದಲು ಸಹಜವಾಗಿ, ಬಳಿಕ ತಗ್ಗಿದ ದನಿಯಲ್ಲಿ ಮಾತನಾಡಲಿ. ಸ, ಶ, ಷಗಳು ಬೇರೆಬೇರೆಯಾಗಿ ಕೇಳಿಸುತ್ತವೆಯೇ, ಪ, ಬ, ಭಗಳಲ್ಲಿ ಉಸಿರು ಢಬ್ಬೆನ್ನುತ್ತದೆಯೇ ಎಂದು ಗಮನಿಸಬೇಕು. ಅನಂತರ ಮೈಕಿನ ಸುತ್ತ ತಿರುಗುತ್ತ ಮಾತನಾಡಲಿ. ಬೆನ್ನಿಗೆ ಬಂದಾಗ ಧ್ವನಿ ಸ್ಪಷ್ಟವಾಗಿ ಕುಗ್ಗಬೇಕು. ಕುಗ್ಗದಿದ್ದರೆ ಡಬ್ಬಿಯ ಮೇಲೆ ಏನೇ ಬರೆದಿರಲಿ, ಅದು ಬೇಡ.

ಸ್ವಿಚ್ಚು ಇಲ್ಲದ ಮೈಕೇ ಉತ್ತಮ; ಮಾತಿನ ಆವೇಶದಲ್ಲಿ ಕೈತಾಗಿ ಆರಿಹೋಗುವ ತಾಪತ್ರಯವಿಲ್ಲ. ಮಿಕ್ಸರಿನ ಬಳಿ ಯಾರೂ ಇರುವುದಿಲ್ಲವೆಂದಾದರೆ ಮಾತ್ರ ಸ್ವಿಚ್ಚು ಬೇಕು. ಕೂಟ ಮುಗಿದ ಮೇಲೆ ಜಾಲರಿಯನ್ನು ಬಿಚ್ಚಿ ಒಳಗಿನ ಸ್ಪಂಜನ್ನು ತೊಳೆದು ಪೂರ್ತಿ ಒಣಗಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಡೈನಾಮಿಕ್ ಮೈಕು ಹಲವು ಮಳೆಗಾಲ ಬಾಳುತ್ತದೆ.

ಸಂಘದ ಹಣವೆಂದರೆ ಊರವರು ಕೊಟ್ಟ ದೇಣಿಗೆ. ಅದು ವ್ಯಾಟುಗಳಿಗೆ ಸುರಿಯಲ್ಪಡುವ ಬದಲು ಕೆಲವೇ ಏಕಮುಖಿ ಮೈಕುಗಳಿಗೆ, ಗಟ್ಟಿಮುಟ್ಟಾದ ಸ್ಟ್ಯಾಂಡುಗಳಿಗೆ, ಒಳ್ಳೆಯ ಕೇಬಲ್ಲುಗಳಿಗೆ ಸಲ್ಲಲಿ. ಆಗ ಮಳೆ ಎಷ್ಟೇ ಬಿರುಸಾದರೂ ವಾಲಿಯ ಪ್ರಶ್ನೆ ಕೊನೆಯ ಸಾಲಿನವರಿಗೂ ಕೇಳಿಸುತ್ತದೆ, ರಾಮನ ಉತ್ತರವೂ ಕೇಳಿಸುತ್ತದೆ. ಯಾರ ವಾದ ಗೆದ್ದಿತೆಂದು ಚರ್ಚಿಸುತ್ತ ಸಭಿಕರು ಮನೆಗೆ ಮರಳುವಂತಾದರೆ ಮೈಕು ತನ್ನ ಕೆಲಸ ಮಾಡಿದಂತೆ.